ಯಜಮಾನರನ್ನು ಎಬ್ಬಿಸಿದ ಬೇಗಮ್ಮ

ಅವಳ ನಿಜವಾದ ಹೆಸರು ಸಂಬಳದ ದಿನ ಬಿಟ್ಟರೆ ಯಾರಿಗೂ ಬೇಕಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಬೇಗಮ್ಮ. ಬೇಗ ಹೇಳಿ, ಬೇಗ ಬನ್ನಿ, ಬೇಗ ಮುಗಿಸಿ ಎಂಬ ಮೂರು ಮಾತಿನಲ್ಲೇ ದಿನ ದೂಡುವ ಹೆಂಗಸಿಗೆ ಬೇರೆ ಹೆಸರು ಇಡುವುದಾದರೂ ಹೇಗೆ? ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದರು. ಅವರು ಎದುರಿಗೆ ಕರೆಯುವ ಧೈರ್ಯ ಮಾಡುವವರೆಗೆ ಕಾಯಲು ಅವಳಿಂದ ಆಗಲಿಲ್ಲವೋ ಏನೋ, ಒಂದು ದಿನ ತಾನೇ ಫೋನೆತ್ತಿ, "ಹಲೋ, ಬೇಗಮ್ಮ ಮಾತಾಡ್ತಿರೋದು, ಬೇಗ ಹೇಳಿ" ಎಂದುಬಿಟ್ಟಳು. ಅಲ್ಲಿಗೆ ನಾಮಕರಣ ಮುಗಿಯಿತು.

ಹೊಟ್ಟೆಯಲ್ಲೂ ಒಂಬತ್ತು ತಿಂಗಳು ಕೂರಲಾಗದೆ ಏಳಕ್ಕೇ ಹೊರಗೆ ಬಂದವಳು ಎಂದು ಅವಳ ತಾಯಿ ಬಂದವರಿಗೆಲ್ಲ ಹೇಳುತ್ತಿದ್ದರು. ಲಿಫ್ಟಿನ ಗುಂಡಿಯನ್ನು ಅವಳು ಒತ್ತುತ್ತಿರಲಿಲ್ಲ, ಗುದ್ದುತ್ತಿದ್ದಳು. ಎದುರಿಗಿದ್ದವರು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಕೊಡುತ್ತಿದ್ದಳು. ಅರ್ಧಕ್ಕರ್ಧ ಸಲ ಅದು ಬೇರೆ ಪ್ರಶ್ನೆಯ ಉತ್ತರವಾಗಿರುತ್ತಿತ್ತು. ಇಮೇಲ್ ಬಂದರೆ ಮೊದಲ ಎರಡು ಸಾಲು ಓದಿ, ಮಿಕ್ಕಿದ್ದರಲ್ಲಿ ಇನ್ನೇನಿರುತ್ತದೆ ಎಂದು ಜವಾಬು ಬರೆದು ಕಳಿಸುತ್ತಿದ್ದಳು. ಈ ಕೊನೆಯ ಗುಣ ಅವಳಿಗೆ ದುಬಾರಿಯಾಗಲಿತ್ತು.

ಗಂಡ ಸಿಕ್ಕಿದ್ದೂ ಅವಸರದಿಂದಲೇ. ಆಸ್ಪತ್ರೆಯ ಕಾರಿಡಾರಿಗೆ ಬಣ್ಣ ಬಳಿಯುತ್ತಿದ್ದ ಕಾಲ. "ಬಣ್ಣ ಹಸಿ ಇದೆ, ಮುಟ್ಟಬೇಡಿ" ಎಂದು ಹಲಗೆ ಇಟ್ಟಿದ್ದರು. ಅವಳು "ಬಣ್ಣ" ಎಂಬಲ್ಲಿಯವರೆಗೆ ಓದಿ, ತಿರುವಿನಲ್ಲಿ ಗೋಡೆಗೆ ಅಂಗೈ ಊರಿ ಓಡಿದಳು. ಐದೂ ಬೆರಳು ಅಚ್ಚಾದವು. ಏಣಿಯ ಮೇಲಿದ್ದ ಪೇಂಟರ್ ಬೈಯಲಿಲ್ಲ. ನಿಧಾನವಾಗಿ ಇಳಿದ, ನಿಧಾನವಾಗಿ ಬಟ್ಟೆ ಹುಡುಕಿದ, ನಿಧಾನವಾಗಿ ಅದನ್ನು ಸೀಮೆಎಣ್ಣೆಯಲ್ಲಿ ಅದ್ದಿ ಅವಳಿಗೆ ಕೊಟ್ಟ. ಅಷ್ಟರಲ್ಲಿ ಅವಳು ಅವನನ್ನು ಬೈದು, ಬೈದದ್ದಕ್ಕೆ ಕ್ಷಮೆ ಕೇಳಿ, ಹೆಸರನ್ನೂ ಕೇಳಿಯಾಗಿತ್ತು.

"ಇದು ಒಣಗೋಕೆ ಎಷ್ಟೊತ್ತು ಬೇಕ್ರೀ?"

"ಒಣಗಿದಾಗ ಒಣಗುತ್ತೆ" ಎಂದ ಅವನು.

ಇಂಥ ಉತ್ತರವನ್ನು ಬೇರೆ ಯಾರಾದರೂ ಕೊಟ್ಟಿದ್ದರೆ ಕೊರಳಪಟ್ಟಿ ಹಿಡಿಯುತ್ತಿದ್ದಳು. ಇವನನ್ನು ಮದುವೆಯಾದಳು.

ಅವಳ ಕೆಲಸ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಸ್ವೆಟರ್ ಹಾಕಿಕೊಂಡೇ ಕೂರಬೇಕಾದ ಕಂಪ್ಯೂಟರ್ ಕೋಣೆಯಲ್ಲಿ. ಅಲ್ಲಿ ಬೀರುವಿನಷ್ಟು ಎತ್ತರದ ಒಂದು ಯಂತ್ರವಿತ್ತು. ಎಲ್ಲರೂ ಅದನ್ನು ಯಜಮಾನರು ಎನ್ನುತ್ತಿದ್ದರು, ಏಕೆಂದರೆ ಅದು ಏಳುವವರೆಗೆ ಆಸ್ಪತ್ರೆಯಲ್ಲಿ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ರೋಗಿಗಳ ವಿವರ, ಔಷಧಿ, ರಕ್ತ ಪರೀಕ್ಷೆ, ಬಿಲ್ಲು, ಎಲ್ಲವನ್ನೂ ಅದು ತನ್ನ ಮೆಮೊರಿಯಲ್ಲೇ ಇಟ್ಟುಕೊಂಡಿರುತ್ತಿತ್ತು. ಹಾಗಾಗಿ ಎದ್ದು ಕೂತಮೇಲೆ ಯಜಮಾನರು ಮಹಾ ಚುರುಕು. ಕೇಳಿದ್ದನ್ನು ಕಣ್ಣು ಮಿಟುಕಿಸುವುದರಲ್ಲಿ ಎದುರಿಗಿಡುತ್ತಿದ್ದರು. ಏಳುವುದೇ ಕಷ್ಟ. ಪ್ರತಿ ಶನಿವಾರ ಬೆಳಿಗ್ಗೆ ರಿಪೇರಿ, ಅಪ್‌ಡೇಟು ಎಂದು ಅವರನ್ನು ಒಮ್ಮೆ ಮಲಗಿಸಿ ಎಬ್ಬಿಸಬೇಕಿತ್ತು. ಎಬ್ಬಿಸಿದರೆ ಅರ್ಧ ಗಂಟೆ ಕೌಂಟರುಗಳ ಪರದೆಯ ಮೇಲೆಲ್ಲ ಬರೀ ಕತ್ತಲೆ.

ಇದರಲ್ಲಿ ಬೇಗಮ್ಮನ ಕೈವಾಡವೂ ಇತ್ತು. ಹಿಂದಿನ ವರ್ಷ ಯಂತ್ರ ನಿಧಾನವಾಯಿತೆಂದು ಎಲ್ಲರೂ ದೂರಿದಾಗ, ಮೆಮೊರಿ ನಾಲ್ಕು ಪಟ್ಟು ಮಾಡಿಸಿ ಎಂದು ಸೂಪರಿಂಟೆಂಡೆಂಟರ ಕಿವಿ ಕಚ್ಚಿದವಳು ಅವಳೇ. ಮೆಮೊರಿ ಬಂತು, ಕೆಲಸ ಚುರುಕಾಯಿತು. ಆದರೆ ಏಳಲು ಮೊದಲು ಹಿಡಿಯುತ್ತಿದ್ದುದಕ್ಕಿಂತ ನಾಲ್ಕು ಪಟ್ಟು ಹೊತ್ತು ಹಿಡಿಯತೊಡಗಿತು. ತಲೆ ದೊಡ್ಡದಾದಷ್ಟೂ ನಿದ್ದೆ ಹೆಚ್ಚು ಎಂದು ಸೂಪರಿಂಟೆಂಡೆಂಟರು ನಕ್ಕರು. ಅವರು ಮೀಟಿಂಗುಗಳಲ್ಲಿ ನಿದ್ದೆ ಮಾಡುವುದಕ್ಕೆ ಹೆಸರಾದವರು, ಹಾಗಾಗಿ ಅದು ಅನುಭವದ ಮಾತೆಂದು ಜನ ನಂಬಿದರು.

ಬೇಗಮ್ಮನಿಗೆ ಮಾತ್ರ ಶನಿವಾರ ಬಂತೆಂದರೆ ಮೈಮೇಲೆ ಇರುವೆ ಬಿಟ್ಟಂತೆ. ಮಿಕ್ಕವರಿಗೆ ಅದೇ ಹಬ್ಬ. ಔಷಧಿ ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಮಾತ್ರೆರಾಯರು ಎನ್ನುತ್ತಿದ್ದರು; ಅವರ ಮುಂದಾಳತ್ವದಲ್ಲಿ ಹಿಂಬದಿಯ ಮೆಟ್ಟಿಲ ಮೇಲೆ ಇಸ್ಪೀಟು ನಡೆಯುತ್ತಿತ್ತು. ಕೌಂಟರಿನ ಹುಡುಗಿಯರು ಉಗುರಿಗೆ ಬಣ್ಣ ಹಚ್ಚಿ ಒಣಗಿಸಿಕೊಳ್ಳುತ್ತಿದ್ದರು. ರೋಗಿಗಳು ಬೆಂಚಿನ ಮೇಲೆ ಕೂತು ಒಬ್ಬರಿಗೊಬ್ಬರು ತಮ್ಮ ಕಾಯಿಲೆ ಹೇಳಿಕೊಂಡು, ಅವರ ಕಾಯಿಲೆಯನ್ನೂ ಮನಸ್ಸಿಗೆ ಅಂಟಿಸಿಕೊಂಡು ಮನೆಗೆ ಹೋಗುತ್ತಿದ್ದರು.

"ಇದಕ್ಕೇನಾದ್ರೂ ಮಾಡಲೇಬೇಕು" ಎಂದಳು ಬೇಗಮ್ಮ.

"ಯಾಕಮ್ಮಾ? ಚೆನ್ನಾಗಿದೆಯಲ್ಲ" ಎಂದರು ಮಾತ್ರೆರಾಯರು, ಎಲೆ ಎಸೆಯುತ್ತ.

ಅವಳು ಯಂತ್ರ ಎದ್ದೇಳುವಾಗ ತನ್ನ ಕೋಣೆಯ ಪರದೆಯ ಮೇಲೆ ಬೀಳುವ ಸಾಲುಗಳನ್ನು ನೋಡುತ್ತ ಕೂತಳು. ಕೆಲವು ಸಾಲು ಪಟಪಟನೆ ಬೀಳುತ್ತಿದ್ದವು. ಆಮೇಲೆ ಒಂದು ಸಾಲು ಬಿದ್ದು, ಮುಂದಿನದು ಬರುವುದರೊಳಗೆ ಮನುಷ್ಯ ಸ್ನಾನ ಮಾಡಿ ಬರಬಹುದಿತ್ತು. ಆ ಎರಡು ಸಾಲಿನ ನಡುವೆ ಯಜಮಾನರು ಏನು ಮಾಡುತ್ತಾರೆ? ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮಿನ ಒಳಗೆ ಅಲ್ಲಲ್ಲಿ, ಎಲ್ಲಿ ಎಷ್ಟು ಹೊತ್ತು ಹಿಡಿಯಿತೆಂದು ತೋರಿಸುವ ಗುರುತಿನ ಸಾಲುಗಳನ್ನು ಸೇರಿಸಿ, ಕೆಲವು ಶನಿವಾರ ಹುಡುಕಿದ ಮೇಲೆ ಕಳ್ಳ ಸಿಕ್ಕಿಬಿದ್ದ. ಸಿಕ್ಕಿದ ಸಂತೋಷವನ್ನು ಯಾರಿಗಾದರೂ ಹೇಳಲೇಬೇಕಿತ್ತು. ಮನೆಯಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದ ಅತ್ತೆ ಸಿಕ್ಕರು.

ಅತ್ತೆ ಕೆಲಸದಲ್ಲಿದ್ದಷ್ಟು ಕಾಲವೂ ಟಾಕೀಸಿನಲ್ಲಿ ಟಿಕೆಟ್ ಕೊಟ್ಟವರು. ಕಿಂಡಿಯೊಳಗಿಂದ ಊರನ್ನೇ ಬೈದು ಪಳಗಿದ ನಾಲಿಗೆ.

"ಅತ್ತೇ, ನಿಮ್ ಟಾಕೀಸ್ ಅಂತಲೇ ಇಟ್ಕೊಳ್ಳಿ. ಸೀಟುಗಳೇ ಮೆಮೊರಿ. ಒಂದೊಂದು ಸೀಟಿಗೂ ನಂಬರ್ ಚೀಟಿ ಅಂಟಿಸ್ಬೇಕು. ಇಲ್ಲದಿದ್ರೆ ಯಾರು ಎಲ್ಲಿ ಕೂತಿದಾರೆ ಗೊತ್ತಾಗಲ್ಲ. ನಮ್ ಯಂತ್ರದಲ್ಲಿ ಕೋಟಿಗಟ್ಲೆ ಸೀಟು. ಎಲ್ಲದಕ್ಕೂ ಚೀಟಿ ಅಂಟಿಸೋ ತನಕ ಬಾಗಿಲು ತೆಗೆಯಲ್ಲ."

"ಅಂಟಿಸ್ಲಿ ಬಿಡು."

"ಅಂಟಿಸೋನು ಒಬ್ಬನೇ ಅತ್ತೇ! ಮಿಕ್ಕ ಕೆಲಸಗಾರರು ನೂರಾರು ಜನ ಹೊರಗೆ ಮಲಗಿರ್ತಾರೆ. ಅವರನ್ನ ಎಬ್ಬಿಸೋದು ಇವನ ಕೆಲಸ ಎಲ್ಲಾ ಮುಗಿದ ಮೇಲೇನೇ."

ಅತ್ತೆ ಒಂದು ಬಟಾಣಿ ಬಾಯಿಗೆ ಹಾಕಿಕೊಂಡರು. "ನಮ್ ಟಾಕೀಸಲ್ಲಿ ಹಂಗೆ ಮಾಡಿದ್ರೆ ಜನ ಪರದೆ ಹರಿದು ಹಾಕೋರು. ಅದಿರ್ಲಿ, ನೀನು ಈ ಮನೆ ನೆಲ ಒರೆಸಿ ಎಷ್ಟು ದಿನ ಆಯ್ತು?"

ನೆಲದ ಮಾತು ಅಲ್ಲಿಗೇ ನಿಂತಿತು. ಉಪಾಯವಂತೂ ಬೇಗಮ್ಮನ ತಲೆಯಲ್ಲಿ ಆಗಲೇ ಕುದಿಯುತ್ತಿತ್ತು. ಮೊದಲು ಎದ್ದು ನಿಲ್ಲಲು ಬೇಕಾದಷ್ಟು ಮೆಮೊರಿಗೆ ಮಾತ್ರ ಚೀಟಿ ಅಂಟಿಸುವುದು. ತಕ್ಷಣ ಮಲಗಿರುವ ಆ ಕೆಲಸಗಾರರನ್ನು, ಅಂದರೆ ಮಿಕ್ಕ ಪ್ರೊಸೆಸರುಗಳನ್ನು ಎಬ್ಬಿಸಿ, ಅವರವರ ಪಕ್ಕದಲ್ಲಿರುವ ಮೆಮೊರಿಯ ಚೀಟಿಯನ್ನು ಅವರವರೇ ಅಂಟಿಸಿಕೊಳ್ಳುವಂತೆ ಮಾಡುವುದು. ಅಷ್ಟರಲ್ಲಿ ಬಾಗಿಲೂ ತೆರೆದಿರುತ್ತದೆ. ಇಷ್ಟು ಸುಲಭದ್ದನ್ನು ಬರೆಯಲು ಎಷ್ಟು ಹೊತ್ತು ಬೇಕು? ಬರೆದೇಬಿಟ್ಟಳು.

ಆಸ್ಪತ್ರೆಯ ಆಪರೇಟಿಂಗ್ ಸಿಸ್ಟಮ್ ಯಾರು ಬೇಕಾದರೂ ಬಿಚ್ಚಿ ನೋಡಿ ತಿದ್ದಬಹುದಾದ ಬಗೆಯದು. ಆದರೆ ತಿದ್ದಿದ್ದನ್ನು ಎಲ್ಲರಿಗೂ ಹಂಚಬೇಕಾದರೆ ಆಯಾ ಭಾಗವನ್ನು ನೋಡಿಕೊಳ್ಳುವ ಹಿರಿಯರು ಒಪ್ಪಬೇಕು. ಮೆಮೊರಿಯ ಭಾಗವನ್ನು ನೋಡಿಕೊಳ್ಳುತ್ತಿದ್ದವರು ಎಲ್ಲೋ ದೂರದಲ್ಲಿದ್ದ ಒಬ್ಬ ಮುದುಕ. ಯಾರೂ ಅವರ ಮುಖ ನೋಡಿರಲಿಲ್ಲ, ಬೈಗುಳ ಮಾತ್ರ ಎಲ್ಲರೂ ತಿಂದಿದ್ದರು. ಬೇಗಮ್ಮ ಅವರಿಗೆ ಗೊಣಗಪ್ಪ ಎಂದು ಹೆಸರಿಟ್ಟಳು. ತಾನು ಬರೆದದ್ದನ್ನು ಅವರಿಗೆ ಕಳಿಸಿದಳು. ವಾರವಾದ ಮೇಲೆ ಜವಾಬು ಬಂತು. ಮೊದಲ ಎರಡು ಸಾಲು ಹೀಗಿದ್ದವು: "ಆಲೋಚನೆ ಸರಿಯಾಗಿದೆ. ಬರೆದ ರೀತಿ ನೋಡಿದರೆ ಬಸ್ಸಿಗೆ ಓಡುತ್ತ ಬರೆದಂತಿದೆ."

ಆಲೋಚನೆ ಸರಿಯಾಗಿದೆ! ಅಷ್ಟು ಸಾಕಿತ್ತು. ಕೆಳಗೆ ಇನ್ನೂ ಒಂದು ಪುಟ ಗೊಣಗಾಟವಿತ್ತು. ಅದನ್ನು ಆಮೇಲೆ ನೋಡಿದರಾಯಿತು ಎಂದು ಮುಚ್ಚಿಟ್ಟು, ಮೂಲೆಯಲ್ಲಿದ್ದ ಹಳೆಯ ಸಣ್ಣ ಯಂತ್ರದಲ್ಲಿ ಒಂದು ಸಲ ಓಡಿಸಿ ನೋಡಿ, ಮುಂದಿನ ಶನಿವಾರವೇ ಅದನ್ನು ಯಜಮಾನರ ಮೇಲೆ ಹಾಕಿದಳು.

ಯಜಮಾನರು ಎದ್ದರು. ಎಂಥ ಏಳುವುದು ಅಂತೀರಿ! ಪರದೆಯ ಮೇಲೆ ಸಾಲುಗಳು ಆಲಿಕಲ್ಲಿನ ಹಾಗೆ ಸುರಿದವು. ಮೆಟ್ಟಿಲ ಮೇಲೆ ಇಸ್ಪೀಟು ಇನ್ನೂ ಕಲೆಸುತ್ತಿದ್ದರು. ಬೇಗಮ್ಮ ಕಂಪ್ಯೂಟರ್ ಕೋಣೆಯಿಂದ ಆಚೆ ಬಂದು, "ಎದ್ದಾಯ್ತು, ಎಲ್ರೂ ಕೆಲಸಕ್ಕೆ ಹೋಗಿ!" ಎಂದು ಕೂಗಿದಳು. ಯಾರೂ ನಂಬಲಿಲ್ಲ. ನಂಬದೆ ಇದ್ದದ್ದೇ ಒಳ್ಳೆಯದಾಯಿತು.

ಆಸ್ಪತ್ರೆಯ ದಾಖಲೆಗಳ ಪ್ರೋಗ್ರಾಮ್ ಏಳುತ್ತಲೇ ಇಡೀ ಟಾಕೀಸನ್ನೇ ಕೇಳುವ ಜಾತಿಯದು. ಬಂತು, ಇರುವ ಸೀಟೆಲ್ಲ ಕೊಡಿ ಎಂದಿತು. ಆಗ ಚೀಟಿ ಅಂಟಿಸಿ ಮುಗಿದದ್ದು ಮುಂಭಾಗದ ಕೆಲವು ಸಾಲು ಸೀಟುಗಳಿಗೆ ಮಾತ್ರ. ಸಮುದ್ರದಷ್ಟು ಮೆಮೊರಿಯ ಮೇಲೆ ಕೂತ ಯಂತ್ರ, "ಮೆಮೊರಿ ಖಾಲಿ" ಎಂದು ಘೋಷಿಸಿ ಆ ಪ್ರೋಗ್ರಾಮನ್ನು ಕುತ್ತಿಗೆ ಹಿಡಿದು ಹೊರಗೆ ತಳ್ಳಿತು. ಪ್ರೋಗ್ರಾಮ್ ಮತ್ತೆ ಬಂತು, ಮತ್ತೆ ತಳ್ಳಿಸಿಕೊಂಡಿತು. ಮೂರನೇ ಸಲ ಬೀಳುವಾಗ ದಾಖಲೆಗಳ ಅರ್ಧ ಭಾಗವನ್ನು ಕೆಡಿಸಿಕೊಂಡೇ ಬಿದ್ದಿತು. ಅದನ್ನು ಹಿಂದಿನ ದಿನದ ಪ್ರತಿಯಿಂದ ಸರಿಪಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು.

ಆ ಬೆಳಗನ್ನು ಆಸ್ಪತ್ರೆ ಇನ್ನೂ ಮರೆತಿಲ್ಲ. ಸೂಪರಿಂಟೆಂಡೆಂಟರು ವೀರಾವೇಶದಿಂದ ತಾವೇ ಪೆನ್ನು ಹಿಡಿದು ಔಷಧಿ ಚೀಟಿ ಬರೆಯಲು ಕೂತರು. ಅವರ ಅಕ್ಷರ ಓದಲು ಮಾತ್ರೆರಾಯರು ಭೂತಗನ್ನಡಿ ತರಿಸಿದರು. ಕಿವಿಯ ಗುಗ್ಗೆ ತೆಗೆಸಲು ಬಂದಿದ್ದ ಒಬ್ಬ ಶಾಲಾ ಮೇಷ್ಟರ ಮಂಡಿಗೆ ಎಕ್ಸ್‌ರೇ ತೆಗೆದು ಕಳಿಸಲಾಯಿತು. ಯಾರು ಏನು ಹೇಳುತ್ತಿದ್ದಾರೆಂದು ಅವರಿಗೆ ಕೇಳಿಸುತ್ತಿರಲಿಲ್ಲ, ಪಾಪ, ಅದಕ್ಕೇ ಅಲ್ಲವೇ ಅವರು ಬಂದದ್ದು.

"ಮೇಡಂ, ಮೊದಲು ಅರ್ಧ ಗಂಟೆ ಮಲಗ್ತಿತ್ತು" ಎಂದರು ಸೂಪರಿಂಟೆಂಡೆಂಟರು, ಕಣ್ಣು ಕೆಂಪಗೆ ಮಾಡಿ. "ನೀವು ಅದನ್ನ ಅರ್ಧ ದಿನ ಮಾಡಿದ್ರಿ. ಇನ್ನು ಅದರ ತಂಟೆಗೆ ಹೋಗ್ಬೇಡಿ."

ಬೇಗಮ್ಮ ಶೌಚಾಲಯಕ್ಕೆ ಹೋಗಿ ಅತ್ತಳು. ಅಳುವುದರಲ್ಲೂ ಅವಸರ, ಮುಖ ತೊಳೆದು ಹೊರಗೆ ಬಂದಾಗ ಇನ್ನೂ ಬಿಕ್ಕಳಿಕೆ ಬಾಕಿಯಿತ್ತು.

ಮನೆಯಲ್ಲಿ ಗಂಡ ಅವಳ ಮುಖ ನೋಡಿ ತಟ್ಟೆ ಹಾಕಿದ. ಊಟ ಬಡಿಸಿದ. ಅತ್ತೆ ಮಾತ್ರ, "ಏನೇ, ಯಾರಾದ್ರೂ ಸತ್ರಾ?" ಎಂದರು.

"ಇಲ್ಲ."

"ಮತ್ತೆ ಈ ಮುಖ ಯಾಕೆ? ತಿನ್ನು ಸುಮ್ನೆ."

ತಿಂದಳು. ತಿಂದ ಮೇಲೆ ಗೊಣಗಪ್ಪನ ಮೇಲ್ ತೆರೆದು, ಯಾಕೋ ಏನೋ, ಮೂರನೇ ಸಾಲಿನಿಂದ ಓದಲು ಶುರುಮಾಡಿದಳು. ಐದನೇ ಸಾಲಿನಲ್ಲೇ ಇತ್ತು: "ಎಲ್ಲ ಸಿದ್ಧವಾಗುವ ಮೊದಲೇ ಯಾರಾದರೂ ದೊಡ್ಡ ಪಾಲು ಕೇಳಿದರೆ ಏನು ಮಾಡುತ್ತೀಯಮ್ಮ? ಇಲ್ಲ ಎಂದುಬಿಡುತ್ತೀಯಾ? ಇದನ್ನು ಸರಿಮಾಡದೆ ಯಾವ ಯಂತ್ರದ ಮೇಲೂ ಹಾಕಬೇಡ. ಆಸ್ಪತ್ರೆಯ ಯಂತ್ರದ ಮೇಲಂತೂ ಹಾಕಲೇಬೇಡ." ತಾನು ಆಸ್ಪತ್ರೆಯವಳೆಂದು ಅವಳು ಒಂದು ಮಾತು ಬರೆದಿದ್ದಳು. ಮುದುಕ ಅವಳ ಮೇಲ್ ಅನ್ನು ಕೊನೆಯ ಅಕ್ಷರದವರೆಗೂ ಓದಿದ್ದರು.

ಬೇಗಮ್ಮನಿಗೆ ಕೆನ್ನೆಗೆ ಬಾರಿಸಿದಂತಾಯಿತು. ಗಂಡನ ಮುಂದೆ ಲ್ಯಾಪ್‌ಟಾಪ್ ಹಿಡಿದಳು. ಅವನು ಇಡೀ ಮೇಲ್ ಅನ್ನು ಸಾವಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದ. ಅವನಿಗೆ ಒಂದಕ್ಷರವೂ ಅರ್ಥವಾಗುವ ಹಾಗಿರಲಿಲ್ಲ.

"ಒಳ್ಳೇ ಮನುಷ್ಯ" ಎಂದ.

"ಬೈದಿದಾರೆ ಕಣ್ರೀ!"

"ಇಷ್ಟುದ್ದ ಬೈಬೇಕು ಅಂದ್ರೆ ಎಷ್ಟು ಹೊತ್ತು ಕೂತಿರ್ಬೇಕು. ನನಗಂತೂ ಯಾರೂ ಇಷ್ಟುದ್ದ ಬೈದಿಲ್ಲ."

"ನಾನು ಬೈತೀನಲ್ಲ."

"ನೀನು ಶುರುಮಾಡ್ತೀಯ, ಮುಗಿಸಲ್ಲ" ಎಂದು ತಟ್ಟೆ ತೊಳೆಯಲು ಎದ್ದುಹೋದ.

ಅವಳು ಗೊಣಗಪ್ಪನಿಗೆ ನಡೆದದ್ದನ್ನೆಲ್ಲ ಬರೆದಳು, ಮಂಡಿಯ ಎಕ್ಸ್‌ರೇ ಸಮೇತ. ಜವಾಬಿನಲ್ಲಿ ಮುದುಕ ಕೇಳಿದ ಮೊದಲ ಪ್ರಶ್ನೆ, ಮೇಷ್ಟರ ಕಿವಿ ಈಗ ಹೇಗಿದೆ ಎಂದು. ಎರಡನೆಯದರಿಂದ ಬೈಗುಳ ಶುರು.

ಅಲ್ಲಿಂದ ಹಲವು ತಿಂಗಳು ಅವಳ ಬದುಕು ವಾರಕ್ಕೊಂದು ಇಮೇಲಿನ ಬದುಕಾಯಿತು. ಅವಳು ತಿದ್ದಿ ಕಳಿಸುವುದು, ಅವರು ಕುಯ್ದು ವಾಪಸ್ಸು ಕಳಿಸುವುದು. ಯಾರಾದರೂ ಸಿದ್ಧವಿರುವುದಕ್ಕಿಂತ ಹೆಚ್ಚು ಮೆಮೊರಿ ಕೇಳಿದರೆ, ಇಲ್ಲ ಎನ್ನದೆ, ಅವರನ್ನು ನಿಲ್ಲಿಸಿಕೊಂಡೇ ಅವರಿಗೆ ಬೇಕಾದಷ್ಟನ್ನು ಅಲ್ಲೇ ಸಿದ್ಧಮಾಡಿ ಕೊಡುವ ಏರ್ಪಾಡು ಬರೆದಳು. ಇಬ್ಬರು ಒಂದೇ ಕಡೆ ಚೀಟಿ ಅಂಟಿಸಲು ಹೋದರೆ ಜಗಳವಾಗದ ಹಾಗೆ ಬೀಗ ಹಾಕಿದಳು. ಆ ಬೀಗ ತಪ್ಪು ಜಾಗದಲ್ಲಿದೆ ಎಂದು ಗೊಣಗಪ್ಪ ಎರಡು ಪುಟ ಬರೆದರು. ಜಾಗ ಬದಲಿಸಿದಳು. ಮೊದಲಿದ್ದ ಜಾಗವೇ ವಾಸಿಯಿತ್ತು ಎಂದರು. ಅವತ್ತು ಅವಳು ಮನೆಯ ಬಾಗಿಲನ್ನು ಎಷ್ಟು ಜೋರಾಗಿ ಹಾಕಿದಳೆಂದರೆ ಅತ್ತೆ, "ಮುದುಕನಿಗೆ ಹೇಳು, ಬಾಗಿಲಿನ ಖರ್ಚು ಅವನದೇ ಅಂತ" ಎಂದರು. ನಡುವೆ ಮೇಲ್ ಬರುವುದು ತಡವಾದರೆ, ಮುದುಕನಿಗೆ ಮೈ ಹುಷಾರಿಲ್ಲವೋ ಏನೋ ಎಂದು ಅವಳಿಗೆ ಕಳವಳವಾಗುತ್ತಿತ್ತು. ಹಾಗೆ ಆಗುತ್ತಿದೆ ಎಂದು ಗೊತ್ತಾಗಿ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಕೊನೆಗೊಂದು ದಿನ ಒಂದೇ ಸಾಲಿನ ಜವಾಬು ಬಂತು: "ಸೇರಿಸಿಕೊಂಡಿದ್ದೇನೆ. ಕೈ ಗಡಿಬಿಡಿಯದಾದರೂ ತಲೆ ಗಟ್ಟಿಯದು." ಅವಳು ಅದನ್ನು ಐದಾರು ಸಲ ಓದಿದಳು.

ಸೂಪರಿಂಟೆಂಡೆಂಟರನ್ನು ಒಪ್ಪಿಸಲು ಇನ್ನಷ್ಟು ವಾರ ಹಿಡಿಯಿತು. ಈ ಸಲ ಸರಿಯಾದ ದೊಡ್ಡ ಯಂತ್ರವನ್ನೇ ಬಾಡಿಗೆಗೆ ತಂದು, ಮತ್ತೆ ಮತ್ತೆ ಮಲಗಿಸಿ ಎಬ್ಬಿಸಿ, ಸಾಕು ಎನಿಸಿದ ಮೇಲೂ ಇನ್ನೊಮ್ಮೆ ಎಬ್ಬಿಸಿ ನೋಡಿದಳು. ಆಮೇಲೊಂದು ಶನಿವಾರ ಯಜಮಾನರನ್ನು ಮಲಗಿಸಿದಳು. ಮಾತ್ರೆರಾಯರ ಚಹಾ ಆರುವ ಮೊದಲೇ ಯಜಮಾನರು ಎದ್ದು ಕೂತಿದ್ದರು, ದಾಖಲೆಗಳ ಸಮೇತ.

ಚಪ್ಪಾಳೆ ಬೀಳುತ್ತದೆ ಎಂದುಕೊಂಡಿದ್ದಳು. ಬೀಳಲಿಲ್ಲ. ಮೆಟ್ಟಿಲ ಮೇಲಿನ ಗುಂಪು ಕೈಯಲ್ಲಿದ್ದ ಎಲೆಗಳನ್ನು ಜೇಬಿಗಿಳಿಸಿ, ಸಾವಿನ ಮನೆಯಿಂದ ಹೊರಟವರ ಹಾಗೆ ಎದ್ದಿತು.

"ನಿಮಗೆ ಬೇರೆ ಏನೂ ಕೆಲಸ ಇರ್ಲಿಲ್ವೇನಮ್ಮ?" ಎಂದರು ಮಾತ್ರೆರಾಯರು. ಅವರ ಕೈಯಲ್ಲಿ ಅವತ್ತು ಮೂರು ರಾಜರಿದ್ದರಂತೆ.

ಕೌಂಟರಿನ ಹುಡುಗಿಯರು ಅವಳೊಂದಿಗೆ ಮಾತು ಬಿಟ್ಟರು. ಕ್ಯಾಂಟೀನಿನವನಿಗೆ ಶನಿವಾರದ ವ್ಯಾಪಾರ ಹೋಯಿತು; ಅವಳ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆಯತೊಡಗಿದ. ವರ್ಷದ ಸಭೆಯಲ್ಲಿ ಸೂಪರಿಂಟೆಂಡೆಂಟರು, ತಾವು ಮುಂದಾಲೋಚನೆಯಿಂದ ಮೆಮೊರಿ ಹೆಚ್ಚಿಸಿದ್ದರಿಂದಲೇ ಯಂತ್ರ ಈಗ ಬೇಗ ಏಳುತ್ತಿದೆ ಎಂದು ಭಾಷಣ ಮಾಡಿದರು. ಹಿಂದಿನ ಸಾಲಿನಲ್ಲಿದ್ದ ಬೇಗಮ್ಮ ಎದ್ದು ನಿಂತಳು. ಪಕ್ಕದಲ್ಲಿದ್ದ ನರ್ಸ್ ಸೆರಗು ಹಿಡಿದು ಕೂರಿಸಿದಳು.

ಹೀಗೆ ಆಸ್ಪತ್ರೆಗೆಲ್ಲ ಬೇಡವಾಗಿ ಬೇಗಮ್ಮ ಕಾಲ ಕಳೆಯುತ್ತಿರುವಾಗ, ಒಂದು ಮಧ್ಯಾಹ್ನ ಕರೆಂಟು ಹೋಯಿತು, ಅದರ ಬೆನ್ನಿಗೇ ಯುಪಿಎಸ್ಸೂ ಕೈಕೊಟ್ಟಿತು. ಯಜಮಾನರು ಹಾಡಹಗಲೇ ದೊಪ್ಪನೆ ಬಿದ್ದರು. ಅದೇ ಹೊತ್ತಿಗೆ ಒಂದು ಹೆಣ್ಣುಮಗುವನ್ನು ಅದರ ಸೋದರಮಾವ ಎತ್ತಿಕೊಂಡು ಬಂದ. ಮೈ ಕೆಂಡದಂತೆ ಸುಡುತ್ತಿತ್ತು, ಸೋಂಕು ರಕ್ತಕ್ಕೆ ಹತ್ತಿತ್ತು. ಡ್ಯೂಟಿ ಡಾಕ್ಟರು ಇಂಜೆಕ್ಷನ್ ಬರೆದು, ಯಾವುದಾದರೂ ಔಷಧಿ ಆಗಿಬರುವುದಿಲ್ಲವೇ ಎಂದು ಕೇಳಿದರು. ಮಗು ಮುಂಚೆ ಇಲ್ಲೇ ಒಮ್ಮೆ ಸೇರಿತ್ತು ಎನ್ನುವುದಷ್ಟೇ ಮಾವನಿಗೆ ಗೊತ್ತು. ತಾಯಿ ಪ್ರಯಾಣದಲ್ಲಿದ್ದಳು, ಫೋನ್ ಸಿಗುತ್ತಿರಲಿಲ್ಲ.

ಜನರೇಟರ್ ಶುರುವಾಗುತ್ತಲೇ ಬೇಗಮ್ಮ ಯಂತ್ರದ ಗುಂಡಿ ಒತ್ತಿದಳು. ಕೆಳಗೆ ಮಾತ್ರೆರಾಯರು ಕೈಯಲ್ಲಿ ಔಷಧಿಯ ಬಾಟಲಿ ಹಿಡಿದು ಕಪ್ಪು ಪರದೆಯ ಮುಂದೆ ನಿಂತಿದ್ದರು. ಕಾಯುವುದೋ, ಕೊಟ್ಟೇಬಿಡುವುದೋ? ಡಾಕ್ಟರು ಬಾಗಿಲಲ್ಲಿ ಬಂದು ನಿಂತು, "ಇನ್ನು ಸ್ವಲ್ಪ ಹೊತ್ತು ನೋಡ್ತೀನಿ, ಆಮೇಲೆ ಕೊಟ್ಟುಬಿಡೋಣ" ಎಂದರು. ಅವರ ಮಾತು ಮುಗಿದು ಬಹಳ ಹೊತ್ತಾಗಿರಲಿಲ್ಲ, ಪರದೆ ಬೆಳಗಿತು. ಮಗುವಿನ ಪುಟ ತೆರೆದರೆ ಮೇಲ್ಗಡೆಯೇ ಕೆಂಪಕ್ಷರದಲ್ಲಿ ಅದೇ ಔಷಧಿಯ ಹೆಸರು, ಕೊಡಕೂಡದು ಎಂದು. ಮಾತ್ರೆರಾಯರು ಬಾಟಲಿಯನ್ನು ಕೆಳಗಿಟ್ಟು, ಬೇರೆಯದನ್ನು ತೆಗೆದುಕೊಂಡು ಓಡಿದರು. ಅವರು ಓಡಿದ್ದನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ಮಗು ಮೂರನೇ ದಿನಕ್ಕೆ ಎದ್ದು ಕೂತು ಬಿಸ್ಕತ್ತು ಕೇಳಿತು.

ವಾರ ಕಳೆದ ಮೇಲೆ ಮಾತ್ರೆರಾಯರು ಎರಡನೇ ಮಹಡಿಗೆ ಹತ್ತಿಬಂದು ಬಾಗಿಲಲ್ಲಿ ನಿಂತರು.

"ಅಮ್ಮಾ, ಅವತ್ತು ಆ ಮಗು... ಹಳೇ ಥರ ಅರ್ಧ ಗಂಟೆ..."

"ಗೊತ್ತು ರಾಯರೇ, ಪರವಾಗಿಲ್ಲ, ಹೋಗಿ ಬನ್ನಿ."

"ಮಾತು ಮುಗಿಸೋಕಾದ್ರೂ ಬಿಡಮ್ಮ ಮಾರಾಯ್ತಿ! ಒಂದು ವಾರದಿಂದ ಏನು ಹೇಳ್ಬೇಕು ಅಂತ ಯೋಚನೆ ಮಾಡ್ಕೊಂಡು ಬಂದಿದೀನಿ."

ಬೇಗಮ್ಮ ಬಾಯಿ ಮುಚ್ಚಿಕೊಂಡು ಕುರ್ಚಿ ತೋರಿಸಿದಳು. ಅವರು ಕೂತರು, ಕನ್ನಡಕ ಒರೆಸಿಕೊಂಡರು, ಹೇಳಬೇಕಾದ್ದನ್ನು ಸುತ್ತಿ ಬಳಸಿ ಹೇಳಿದರು. ಅವಳು ಕೊನೆಯವರೆಗೂ ಕೇಳಿಸಿಕೊಂಡಳು. ಮಧ್ಯೆ ಎರಡು ಸಲ ನಾಲಿಗೆ ಕಚ್ಚಿಕೊಳ್ಳಬೇಕಾಯಿತು, ಅಷ್ಟೇ. ಹೋಗುವಾಗ ರಾಯರು, "ಅರ್ಧ ಗಂಟೆ ಬೇಡ, ಶನಿವಾರ ಒಂದು ಹತ್ತು ನಿಮಿಷನಾದ್ರೂ ಮಲಗಿಸೋಕಾಗಲ್ವಾ?" ಎಂದು ಕೇಳಿದರು. ಆಗಲ್ಲ ಎಂದಳು.

ಈಗ ಸೂಪರಿಂಟೆಂಡೆಂಟರು ನಿವೃತ್ತರಾಗಿದ್ದಾರೆ. ಹೋಗುವ ಮುಂಚೆ, ಯಂತ್ರ ಇಷ್ಟು ಚುರುಕಾಗಿರುವಾಗ ಇನ್ನೂ ದೊಡ್ಡದೇ ಇರಲಿ ಎಂದು ಹೊಸ ಯಂತ್ರಕ್ಕೆ ಸಹಿ ಹಾಕಿ ಹೋದರು. ಬಂತು. ಮೆಮೊರಿ ಎಷ್ಟಿದೆಯೆಂದರೆ, ಆಪರೇಟಿಂಗ್ ಸಿಸ್ಟಮ್ ಶುರುವಾಗುವ ಮೊದಲೇ ಯಂತ್ರ ತನ್ನಷ್ಟಕ್ಕೆ ತಾನು ಅದನ್ನೆಲ್ಲ ತಡವಿ ಪರೀಕ್ಷೆ ಮಾಡಿಕೊಳ್ಳುತ್ತ ಬಹಳ ಹೊತ್ತು ಕೂರುತ್ತದೆ; ಏಳುವುದು ಮತ್ತೆ ತಡ. ಆ ಭಾಗ ಯಂತ್ರ ಮಾಡಿದ ಕಂಪನಿಯವರದು. ಬೇಗಮ್ಮನಿಗಾಗಲಿ ಗೊಣಗಪ್ಪನಿಗಾಗಲಿ ಅದನ್ನು ಮುಟ್ಟುವ ಹಕ್ಕಿಲ್ಲ. ಅವಳು ದಿನವೂ ಕಂಪನಿಗೆ ಫೋನ್ ಮಾಡುತ್ತಾಳೆ. ಅವರು ಪಿಟೀಲು ಸಂಗೀತ ಹಾಕಿ ಎದ್ದುಹೋಗುತ್ತಾರೆ. ಫೋನನ್ನು ಸ್ಪೀಕರಿಗೆ ಹಾಕಿ, ಸ್ವೆಟರಿನ ತೋಳು ಮಡಚಿ, ಗೊಣಗಪ್ಪನಿಗೆ ಮೇಲ್ ಬರೆಯುತ್ತ ಕೂರುತ್ತಾಳೆ. ಮೊನ್ನೆ ಕೊನೆಗೂ ಯಾರೋ ಒಬ್ಬ ಸಿಕ್ಕ.

"ಮೇಡಂ, ನಿಮ್ಮ ಸಮಸ್ಯೆ ಸ್ವಲ್ಪ ವಿವರವಾಗಿ ಹೇಳ್ತೀರಾ?"

"ಹೇಳ್ತೀನಿ" ಎಂದಳು ಬೇಗಮ್ಮ, ಕುರ್ಚಿ ಎಳೆದುಕೊಂಡು. "ನೀವು ಊಟ ಮಾಡಿದೀರಿ ತಾನೇ?"